ನೇರಳೆ ಹೂವಿನ ಬಿಳಿ ಮಚ್ಚೆ

"ಏಯ್! ಯಾರ್ರೀ ಅದು? ಆ ಹೂ ಮುಟ್ಟಬ್ಯಾಡ್ರಿ!"

ಹಿಂದಿನಿಂದ ಬಂದ ಕೂಗಿಗೆ ಜ್ಯೋತಿಲಕ್ಷ್ಮಿ ಬೆಚ್ಚಿಬಿದ್ದಳು. ಮೊಣಕಾಲೂರಿ, ಉಸಿರು ಬಿಗಿಹಿಡಿದು, ಸೇವಂತಿಗೆಯ ಎಸಳಿನ ಮೇಲಿದ್ದ ಒಂದೇ ಒಂದು ಇಬ್ಬನಿ ಹನಿಗೆ ಫೋಕಸ್ ಮಾಡುತ್ತಿದ್ದವಳು ಹಾಗೇ ಹಿಂದಕ್ಕೆ ವಾಲಿ ಬದುವಿನ ಮೇಲೆ ಕುಸಿದಳು. ಕ್ಯಾಮೆರಾ ಮಾತ್ರ ಎದೆಗೆ ಅವಚಿಕೊಂಡೇ ಇತ್ತು. ಅದು ಸ್ಟುಡಿಯೋದ ಕ್ಯಾಮೆರಾ, ಬಿದ್ದರೆ ಗತಿಯೇನು!

ಎದುರಿಗೆ ಒಬ್ಬ ಯುವಕ. ತಲೆಯ ಮೇಲಿನ ಹೆಲ್ಮೆಟ್ ಕೂಡ ತೆಗೆದಿಲ್ಲ. ಮೊಣಕಾಲಿನ ತನಕ ಕೆಸರು.

"ನಮ್ಮ ಹೊಲದಾಗೆ ನಿಂತ್ಕೊಂಡು ನನ್ನೇ ಯಾರು ಅಂತ ಕೇಳ್ತೀರಲ್ಲ! ನೀವ್ಯಾರ್ರೀ?"

"ಮಾರಪ್ಪನೋರ ಹೊಲ ಇದೇ ಅಲ್ಲೇನ್ರಿ?"

"ಹೌದು. ನಾನು ಅವ್ರ ಮಗಳು."

ಅವನು ಹೆಲ್ಮೆಟ್ ತೆಗೆದ. ನೋಡಿದರೆ ಒಳ್ಳೆಯ ಮುಖವೇ. ಆದರೆ ಆಗ ಅದರ ಮೇಲೆ ಇದ್ದದ್ದು ಬರೀ ಗಾಬರಿ.

"ನಾನು ಕೆಂಚೇಶ್ ಅಂತ. ಹೂ ಬೆಳೆಗಾರರ ಸಂಘದ ಸಲಹೆಗಾರ. ಊರಿಗೆ ಹೋಗಿದ್ದೋನು ಈ ಫೋಟೊ ನೋಡಿ ಜಗಳೂರಿಂದ ಒಂದೇ ಉಸಿರಿಗೆ ಬಂದೀನಿ. ಇದು ನಿಮ್ಮ ಹೊಲದ ಹೂ ಹೌದಲ್ವಾ?"

ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದ.

ನೇರಳೆ ಬಣ್ಣದ ಸೇವಂತಿಗೆ. ತೀರಾ ಹತ್ತಿರದಿಂದ ತೆಗೆದ ಚಿತ್ರ. ಎಸಳುಗಳ ಮೇಲೆಲ್ಲ ಅಂಚು ಕೊರೆದಂಥ ಬಿಳಿ ಮಚ್ಚೆಗಳು...

ಅದು ಅವಳೇ ಮಾಡಿದ ಚಿತ್ರ. ಯಾರಿಗೂ ತೋರಿಸಬಾರದು ಅಂದುಕೊಂಡಿದ್ದ ಚಿತ್ರ!

"ಇದು... ಇದು ನಿಮ್ಮ ಕೈಗೆ ಹೆಂಗೆ ಬಂತು?"

"ನಿಮ್ಮಪ್ಪ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕ್ಯಾರೆ. 'ನಮ್ಮ ಹೊಲದ ಹೂ' ಅಂತ ಬರೆದು ಕೈಮುಗಿಯೋ ಚಿತ್ರ ಬೇರೆ! ಇದು ವೈರಸ್ ಕಣ್ರಿ. ಪುಸ್ತಕದಾಗೆ ನೋಡಿದ್ದೆ, ಇಷ್ಟು ಜೋರಾಗಿ ಬಂದಿರೋದು ಎಲ್ಲೂ ನೋಡಿಲ್ಲ. ಆ ಗಿಡ ಎಲ್ಲೈತೆ ತೋರಿಸ್ರಿ. ಬೇರು ಸಮೇತ ಕಿತ್ತು ಸುಡಬೇಕು. ಹಂಗೇ ಬಿಟ್ರೆ ಅಕ್ಕಪಕ್ಕದೋರಿಗೆಲ್ಲ ಹರಡುತ್ತೆ!"

ಕಿತ್ತು ಸುಡಬೇಕು... ಹರಡುತ್ತೆ...

ಅವಳ ಎಡಗೈ ತಾನಾಗಿಯೇ ಬಲ ತೋಳಿನ ಮೇಲೆ ಹೋಯಿತು. ಉದ್ದ ತೋಳಿನ ಚೂಡಿದಾರದ ಅಂಚನ್ನು ಮಣಿಕಟ್ಟಿನ ಕೆಳಗೆ ಎಳೆದುಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಈ ಮನುಷ್ಯನ ಎದುರು ಅಳಬಾರದು, ಅಷ್ಟೇ.

"ಕಿತ್ತಾಕಿದೀನಿ," ಅಂದುಬಿಟ್ಟಳು.

"ಸುಟ್ರಾ?"

"ಹೂಂ... ಸುಟ್ಟೆ."

ಅವನು ಬದುವಿನ ಮೇಲೆ ದೊಪ್ಪನೆ ಕೂತ. "ಸದ್ಯ! ಒಳ್ಳೇ ಕೆಲಸ ಮಾಡಿದ್ರಿ. ಆದ್ರೂ ಆರು ವಾರ ಈ ಹೊಲದ ಸಸಿ ಯಾರಿಗೂ ಕೊಡಬ್ಯಾಡ್ರಿ. ನಾನು ವಾರಕ್ಕೊಂದ್ಸಲ ಬಂದು ನೋಡ್ತೀನಿ."

ಅವಳು ತಲೆಯಾಡಿಸಿದಳು. ಇಲ್ಲದ ರೋಗವನ್ನು ಹುಡುಕಲು ಅವನು ಆರು ವಾರ ಬರುವವನಿದ್ದ!

*

ಅವಳು ಅವನಿಗೆ ಹೇಳಲಾರದೆ ನುಂಗಿಕೊಂಡದ್ದನ್ನು ನಿಮಗಾದರೂ ಹೇಳಿಬಿಡುತ್ತೇನೆ. ನನಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಆ ಹೂವಿಗೆ ಯಾವ ರೋಗವೂ ಇರಲಿಲ್ಲ. ಆ ಬಿಳಿ ಮಚ್ಚೆಗಳು ಜ್ಯೋತಿಲಕ್ಷ್ಮಿಯ ತೋಳಿನವು.

ಹದಿನಾಲ್ಕನೇ ವಯಸ್ಸಿಗೆ ಮೊಣಕೈ ಹತ್ತಿರ ಕಾಸಿನಗಲ ಕಾಣಿಸಿಕೊಂಡದ್ದು ಈಗ ಮಣಿಕಟ್ಟಿನವರೆಗೆ ಇಳಿದಿದೆ. ಡಾಕ್ಟರು, "ಇದರಿಂದ ಯಾರಿಗೂ ಏನೂ ಆಗಲ್ಲಮ್ಮ, ಅಂಟೋದೂ ಅಲ್ಲ," ಅಂದಿದ್ದರು. ಊರು ಡಾಕ್ಟರ ಮಾತು ಕೇಳುತ್ತದೆಯೇ? ಹೋದ ವರ್ಷ ಬಸವಾಪಟ್ಟಣದಿಂದ ಹೆಣ್ಣು ನೋಡಲು ಬಂದವರು ನಗುನಗುತ್ತಲೇ ಕೂತಿದ್ದರು. ಚಾ ಕೊಡುವಾಗ ಅವಳ ತೋಳು ಒಂದಿಷ್ಟು ಮೇಲೆ ಸರಿಯಿತು. ಹುಡುಗನ ತಾಯಿ ಲೋಟವನ್ನು ತುಟಿಗೂ ತಾಗಿಸದೆ ಕೆಳಗಿಟ್ಟಳು. "ಫೋನ್ ಮಾಡ್ತೀವಿ" ಅಂದು ಹೋದವರು ಇವತ್ತಿಗೂ ಮಾಡಿಲ್ಲ.

ಆವತ್ತಿನಿಂದ ಬೇಸಿಗೆಯಲ್ಲೂ ಅವಳಿಗೆ ಉದ್ದ ತೋಳು.

ನ್ಯಾಮತಿಯಲ್ಲಿ ಓಂಕಾರಪ್ಪನವರ ಸ್ಟುಡಿಯೋದಲ್ಲಿ ಅವಳ ಕೆಲಸ. ದಿನವಿಡೀ ಮದುಮಕ್ಕಳ ಮುಖದ ಕಲೆ ಅಳಿಸುವುದು. "ಮೊಡವೆ ತೆಗಿಯವ್ವ, ಇನ್ನೊಂಚೂರು ಬೆಳ್ಳಗೆ ಮಾಡವ್ವ" ಅನ್ನುವುದು ಓಂಕಾರಪ್ಪನವರ ನಿತ್ಯದ ಪಾಠ. ಅವಳು ಮರುಮಾತಿಲ್ಲದೆ ಅಳಿಸುತ್ತಿದ್ದಳು.

ಆದರೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಂಪ್ಯೂಟರ್ ಅವಳದು! ಅಪ್ಪನ ಹೊಲದಲ್ಲಿ ತೆಗೆದ ಹೂಗಳ ಕ್ಲೋಸಪ್ ಚಿತ್ರ ತೆರೆಯುತ್ತಿದ್ದಳು. ಮೊದಲು ಫಿಲ್ಟರ್ ಹಾಕಿ ಬಣ್ಣ ಗಾಢ ಮಾಡುವುದು. ಆಮೇಲೆ ಅದರ ಮೇಲೆ ಟೆಕ್ಸ್ಚರ್, ಅಂದರೆ ಬೇರೊಂದು ಮೇಲ್ಮೈಯ ಫೋಟೊ ಹಾಸುವುದು. ತುಕ್ಕು ಹಿಡಿದ ಬೋರ್‌ವೆಲ್ ಪೈಪು, ಸುಣ್ಣ ಕಳಚಿದ ಗೋಡೆ, ಅವ್ವ ಸುಟ್ಟ ರೊಟ್ಟಿಯ ಕಪ್ಪು ಗುರುತು, ನೀರು ನಿಂತು ಒಣಗಿದ ಕಾಲುವೆಯ ಬಿರುಕು ಮಣ್ಣು... ಎಲ್ಲದರ ಫೋಟೊ ಅವಳ ಹತ್ತಿರ ಇತ್ತು. ಹೂವಿನ ಮೇಲೆ ಅದನ್ನು ಹಾಸಿ ನಿಧಾನವಾಗಿ ತೆಳುವಾಗಿಸುತ್ತ ಹೋದರೆ, ಹಳೇ ಗೋಡೆಯೊಳಗಿಂದ ಹೂ ಅರಳಿದಂತೆ ಕಾಣುತ್ತಿತ್ತು. ಆಗ ಅವಳಿಗೆ ಹೊಟ್ಟೆ ತುಂಬಿದಷ್ಟು ಸಂತೋಷ.

ಒಂದು ದಿನ ಸ್ಟುಡಿಯೋದಲ್ಲಿ ಯಾರೂ ಇಲ್ಲದಾಗ ಏನನ್ನಿಸಿತೋ ಏನೋ, ತೋಳು ಮಡಚಿ ತನ್ನ ಕೈಯದೇ ಫೋಟೊ ತೆಗೆದಳು. ನೇರಳೆ ಸೇವಂತಿಗೆಯ ಮೇಲೆ ಹಾಸಿದಳು. ಚರ್ಮದ ಕಂದು ಎಸಳಿನಲ್ಲಿ ಕರಗಿಹೋಯಿತು, ಬಿಳಿ ಮಾತ್ರ ಉಳಿಯಿತು.

ಎಷ್ಟು ಚೆಂದ ಇತ್ತು ಗೊತ್ತೇನು? ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ತನ್ನ ಮಚ್ಚೆ ಚೆಂದ ಕಂಡಿತು. ಮನೆಗೆ ಹೋಗಿ ನೋಡೋಣ ಅಂತ ಮೊಬೈಲಿಗೆ ಹಾಕಿಕೊಂಡಳು.

ಆ ಮೊಬೈಲು ಮಾರಪ್ಪನ ಕೈಗೆ ಸಿಕ್ಕಿತು. ಮಗಳು ತೆಗೆದ ಫೋಟೊ ಎಲ್ಲ ಬಂಗಾರ ಅನ್ನುವ ಅಪ್ಪ. ಕಂಪ್ಯೂಟರಿನ ಕೈಚಳಕ ಅವನಿಗೇನು ಗೊತ್ತು, ಹೊಲದಲ್ಲಿ ಹಾಗೇ ಅರಳಿದ ಹೂ ಅಂದುಕೊಂಡ. ಅದನ್ನು ತನ್ನ ಫೋನಿಗೆ ಕಳಿಸಿಕೊಂಡು, ಅಲ್ಲಿಂದ ಇನ್ನೂರು ಜನರ ಗ್ರೂಪಿಗೆ ಹೆಮ್ಮೆಯಿಂದ ಹಾಕಿಬಿಟ್ಟ. ಆ ಗ್ರೂಪಿಗೆ ಬೇರೆ ರೈತರು ಫೋಟೊ ಹಾಕುವುದು ಬೆಳೆಗೆ ರೋಗ ಬಂದಾಗ ಮಾತ್ರ!

*

ಹೇಳಿದಂತೆ ಕೆಂಚೇಶ್ ಪ್ರತಿ ಗುರುವಾರ ಅವಳ ಊರು ಗೋವಿನಕೋವಿಗೆ ಬಂದ. ಜ್ಯೋತಿಗೆ ಸ್ಟುಡಿಯೋ ರಜೆಯಿದ್ದದ್ದೂ ಗುರುವಾರವೇ.

ಮೊದಲ ವಾರ ಅವಳು ಅವನ ಮುಖ ನೋಡಲಿಲ್ಲ. ಅವನು ಭೂತಗನ್ನಡಿ ಹಿಡಿದು ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದರೆ, ದೂರ ನಿಂತು ಒಳಗೊಳಗೇ ಉರಿದಳು. 'ಹುಡುಕು ಹುಡುಕು... ಸುಡಾಕೆ ಗಿಡ ಹುಡುಕು!'

ಎರಡನೇ ವಾರ ಅವನೇ ಹತ್ತಿರ ಬಂದ.

"ಅವತ್ತು ಕೂಗಿದ್ದಕ್ಕೆ ಬೇಜಾರು ಮಾಡ್ಕೊಂಡ್ರೇನ್ರಿ? ನಂಗೆ ಗಿಡದ ವಿಷ್ಯ ಬಂದ್ರೆ ತಲೆ ಕೆಡುತ್ತೆ. ಮೂರು ವರ್ಷದ ಹಿಂದೆ ಒಬ್ರ ಹೊಲಕ್ಕೆ ಒಂದು ದಿನ ತಡವಾಗಿ ಹೋದೆ. ಅಷ್ಟೊತ್ತಿಗೆ ಪೂರಾ ಹೊಲ ಹೋಗಿತ್ತು. ಆ ಯಜಮಾನ್ರು ನಂಗೊಂದು ಮಾತೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

"ಚಾ ಕುಡೀತೀರಾ ಸಾರ್?" ಅಂದಳು ಅವಳು.

ಅಷ್ಟೇ ಸಾಕಾಯಿತು. ಅವ್ವ ಉಡಚಮ್ಮ ಚಾ ಜೊತೆಗೆ ರೊಟ್ಟಿ, ಶೇಂಗಾ ಚಟ್ನಿಯನ್ನೂ ಇಟ್ಟಳು. ಮುಂದಿನ ಗುರುವಾರಗಳಲ್ಲಿ ಕೇಳುವ ಪ್ರಶ್ನೆಯೇ ಇರಲಿಲ್ಲ, ಅವನ ತಟ್ಟೆ ತಯಾರಾಗಿರುತ್ತಿತ್ತು.

ಮೂರನೇ ವಾರ ಅವನು ಎಲೆಯ ಅಡಿಯಲ್ಲಿ ರಸ ಹೀರುವ ಸಸ್ಯಹೇನಿನ ಫೋಟೊ ತೆಗೆದುಕೊಡಲು ಕೇಳಿದ. ಅವಳು ಲೆನ್ಸ್ ತಿರುಗಿಸಿ ಹತ್ತಿರ ಹೋದಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸಾಸಿವೆಗಿಂತ ಚಿಕ್ಕ ಹುಳ ಆನೆಯಷ್ಟು ಕಂಡಿತು! ನೋಡಲು ಅವನೂ ಬಗ್ಗಿದ. ಎರಡು ತಲೆಗಳು ಡಿಕ್ಕಿ ಹೊಡೆದವು.

"ಅಯ್ಯೋ! ಏಟಾಯ್ತಾ?"

"ನಿಮ್ದು ತಲೆಯೋ ಕಲ್ಲೋ ಸಾರ್?"

ಅವನು ನಕ್ಕ. ಅವಳೂ ನಕ್ಕಳು. ಎಷ್ಟೋ ದಿನದ ಮೇಲೆ ಹಲ್ಲು ಕಾಣುವಂತೆ ನಕ್ಕಿದ್ದಳು.

ಆಗಲೇ ಹೇಳಿಬಿಡಬೇಕಿತ್ತು. 'ಸಾರ್, ಆ ಗಿಡಾನೇ ಇರಲಿಲ್ಲ' ಅಂತ. ಆದರೆ ಹಾಗಂದರೆ, 'ಮತ್ತೆ ಆ ಬಿಳಿ ಏನು?' ಅಂತ ಕೇಳುತ್ತಾನಲ್ಲ? ಕೇಳಿದರೆ ತೋಳು ತೋರಿಸಬೇಕಲ್ಲ? ತೋರಿಸಿದ ಮೇಲೆ ಇವನೂ ಲೋಟ ಕೆಳಗಿಟ್ಟರೆ...

ನಾಲ್ಕನೇ ವಾರ ನೆತ್ತಿ ಸುಡುವ ಬಿಸಿಲು. ಅವನು ಕೇಳಿಯೇಬಿಟ್ಟ.

"ಇಷ್ಟು ಬಿಸಿಲಾಗೆ ಉದ್ದ ತೋಳು... ಸೆಕೆ ಆಗಲ್ವೇನ್ರಿ?"

"ಅಭ್ಯಾಸ ಆಗೈತೆ."

ಅವನು ಮತ್ತೆ ಕೇಳಲಿಲ್ಲ. ಬೈಕ್ ಹತ್ತಿದವನು ಕಿಕ್ ಹೊಡೆಯದೆ ಸುಮ್ಮನೆ ಕೂತ.

"ಇನ್ನೆರಡೇ ವಾರ ಉಳೀತು."

"ಹೂಂ."

"ನಿಮ್ಮ ಹೊಲ ಚೊಕ್ಕ ಐತೆ. ಸಲಹೆಗಾರನಾಗಿ ಖುಷಿ ಪಡಬೇಕು. ಆದ್ರೆ ಆಮೇಲೆ ಬರಾಕೆ ಏನು ಕಾರಣ ಹೇಳ್ಲಿ ಅಂತ ಯೋಚ್ನೆ ಆಗೈತೆ ನೋಡ್ರಿ..."

ಅವನು ಹೋಗಿ ಎಷ್ಟೋ ಹೊತ್ತಾದರೂ ಅವಳು ಅಲ್ಲೇ ನಿಂತಿದ್ದಳು.

*

ಮರುದಿನ ಪಕ್ಕದ ಹೊಲದ ನಾಗೇಂದ್ರಪ್ಪ ಸಾಸ್ವೆಹಳ್ಳಿಯಿಂದ ಸಸಿ ತಂದು ಇಳಿಸಿದ್ದ. ಪ್ರತಿ ವರ್ಷ ಮಾರಪ್ಪನ ಹೊಲದ ಸಸಿಯನ್ನೇ ಹಚ್ಚುತ್ತಿದ್ದವನು ಅವನು. ಅಷ್ಟೇ ಅಲ್ಲ, ತನ್ನ ಹೊಲಕ್ಕೆ ಬರುವ ಮುಂಚೆ ಕಾಲು ತೊಳೆದು ಬಾ ಅಂತ ಮಾರಪ್ಪನಿಗೆ ಅಂದನಂತೆ.

ಅಪ್ಪ ಮನೆಗೆ ಬಂದು ಸುಮ್ಮನೆ ಗೋಡೆಗೊರಗಿ ಕೂತ. ಊಟ ಮಾಡಲಿಲ್ಲ.

"ಇಪ್ಪತ್ತು ವರ್ಷದಿಂದ ಈ ಹೊಲದ ಹೂವಿಗೆ ಯಾರೂ ಒಂದು ಹೆಸರಿಟ್ಟಿರಲಿಲ್ಲ ಕಣವ್ವ," ಅಂದ.

ತನ್ನ ಸುಳ್ಳು ಈಗ ಅಪ್ಪನನ್ನು ಮುಟ್ಟಿತ್ತು! ತನ್ನನ್ನು ಕಂಡು ಜನ ದೂರ ಸರಿಯುವುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಅದೇ ಆಗುತ್ತಿರುವುದನ್ನು ಹೇಗೆ ನೋಡುವುದು? ಗುರುವಾರ ಕೆಂಚೇಶ್ ಬಂದ ಕೂಡಲೇ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡಳು.

ಆದರೆ ಅವನು ಸೋಮವಾರವೇ ಸ್ಟುಡಿಯೋಗೆ ಬಂದುಬಿಟ್ಟ.

ಹೇನಿನ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ರೈತರಿಗೆ ತೋರಿಸಬೇಕಿತ್ತಂತೆ. ಓಂಕಾರಪ್ಪ ತೊಟ್ಟಿಲ ಕಾರ್ಯದ ಫೋಟೊಗೆ ಹೊನ್ನಾಳಿಗೆ ಹೋಗಿದ್ದರು. ಜ್ಯೋತಿ ಒಬ್ಬಳೇ ಸುಗಂಧರಾಜದ ಮೇಲೆ ರೊಟ್ಟಿಯ ಗುರುತು ಹಾಸುವುದರಲ್ಲಿ ಮುಳುಗಿದ್ದಳು.

"ಅರೆ! ಇದೇನ್ರಿ ಇದು?" ಅವನ ಕಣ್ಣು ಅರಳಿತು. "ಹೂವಿನ ಮೇಲೆ... ಇದು ರೊಟ್ಟಿ ಅಲ್ವಾ? ಹೆಂಗೆ ಮಾಡ್ತೀರಿ ಇದನ್ನ? ಎಷ್ಟು ಚೆನ್ನಾಗೈತೆ! ಬೇರೇವೂ ಅದಾವಾ? ತೋರಿಸ್ರಿ!"

ಅವಳು ತಡೆಯುವ ಮುನ್ನ ಅವನು ಮೌಸ್ ಹಿಡಿದಿದ್ದ. ಒಂದು ಚಿತ್ರ, ಇನ್ನೊಂದು, ಮತ್ತೊಂದು...

ನೇರಳೆ ಸೇವಂತಿಗೆ ಬಂತು.

ಅವನ ಕೈ ನಿಂತಿತು.

"ಇದೂ... ಮಾಡಿದ್ದೇನ್ರಿ?"

ಅವಳು ತಲೆ ತಗ್ಗಿಸಿದಳು.

"ಅಂದ್ರೆ ಗಿಡಾನೇ ಇರಲಿಲ್ಲ. ಕಿತ್ತಿದ್ದೂ ಸುಳ್ಳು, ಸುಟ್ಟಿದ್ದೂ ಸುಳ್ಳು." ಅವನ ದನಿ ಏರಲಿಲ್ಲ. ಏರಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ನಾಲ್ಕು ವಾರದಿಂದ ನಾನು ಎಲೆ ಎಲೆ ತಿರುಗಿಸ್ತಿದ್ರೆ ನೀವು ನೋಡ್ಕೊಂಡು ನಗ್ತಿದ್ರಾ?"

"ಇಲ್ಲ ಸಾರ್... ದೇವರಾಣೆ ಇಲ್ಲ!"

"ಮತ್ತ್ಯಾಕೆ ಹೇಳ್ಲಿಲ್ಲ? ನಿಮ್ಮಪ್ಪನ ಸಸಿ ಯಾರೂ ತಗಾಬ್ಯಾಡ್ರಿ ಅಂತ ಊರಿಗೆಲ್ಲ ಹೇಳ್ದೋನು ನಾನು! ಒಂದು ಮಾತು... ಒಂದೇ ಒಂದು ಮಾತು ಯಾಕೆ ಹೇಳ್ಲಿಲ್ಲ?"

ಅವಳ ಎಡಗೈ ಬಲ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಹೇಳು ಜ್ಯೋತಿ... ಹೇಳು... ಮಾತು ಹೊರಗೆ ಬರಲೇ ಇಲ್ಲ.

ಅವನು ಒಂದು ನಿಮಿಷ ಕಾದ. ಆಮೇಲೆ ಎದ್ದು ಹೋದ. ಪ್ರಿಂಟ್ ಕೂಡ ಒಯ್ಯಲಿಲ್ಲ.

*

ಸಂಜೆ ಅಪ್ಪನ ಫೋನಿಗೆ ಗ್ರೂಪಿನಲ್ಲಿ ಕೆಂಚೇಶನ ದನಿ ಬಂತು.

"ಎಲ್ರಿಗೂ ನಮಸ್ಕಾರ. ಮಾರಪ್ಪನೋರ ಹೊಲದಾಗೆ ಯಾವ ರೋಗಾನೂ ಇಲ್ಲ, ಇರಲೂ ಇಲ್ಲ. ಫೋಟೊ ನೋಡಿ ನಾನೇ ತಪ್ಪು ತಿಳ್ಕೊಂಡೆ. ತಪ್ಪು ನಂದೇ. ಅವ್ರ ಸಸಿ ಧೈರ್ಯವಾಗಿ ತಗೊಳ್ರಿ."

ಅವಳ ಹೆಸರು ಎಲ್ಲೂ ಇರಲಿಲ್ಲ.

ಸುಮ್ಮನಿರುತ್ತಾರೆಯೇ ಜನ? ಒಬ್ಬರಾದ ಮೇಲೆ ಒಬ್ಬರು ಶುರುವಿಟ್ಟುಕೊಂಡರು. 'ಸಾರ್‌ಗೊಂದು ಕನ್ನಡಕ ಕೊಡಿಸ್ರಪ್ಪೋ!' 'ಇಂಥೋರ ಮಾತು ಕೇಳಿ ನಾವು ಔಷಧಿ ಹೊಡೀಬೇಕಾ?' ಕೊನೆಗೆ ಸಂಘದ ಅಧ್ಯಕ್ಷ ಪಂಚಾಕ್ಷರಪ್ಪನವರ ಸಂದೇಶ: 'ಬುಧವಾರ ಮೀಟಿಂಗ್. ಸಲಹೆಗಾರರನ್ನ ಮುಂದುವರಿಸೋದೋ ಬೇಡವೋ ತೀರ್ಮಾನ ಮಾಡೋಣ.'

ಜ್ಯೋತಿ ಅಪ್ಪನ ಫೋನನ್ನು ಕೈಯಲ್ಲಿ ಹಿಡಿದು ಕೂತಳು. ತನಗೆ ಮೋಸವಾಗಿದೆ ಅಂತ ನೋವು ತಿಂದು ಹೋದವನು, ಆ ನೋವಿನಲ್ಲೂ ಅವಳ ಮರ್ಯಾದೆ ಕಾದಿದ್ದ. ಕಣ್ಣೀರು ದಳದಳ ಇಳಿಯಿತು.

"ಅಪ್ಪಾ... ಅವ್ವಾ... ಬರ್ರಿ ಇಲ್ಲಿ."

ಎಲ್ಲ ಹೇಳಿದಳು. ಹೂ, ತೋಳು, ಸುಳ್ಳು, ಎಲ್ಲ. ಮಾರಪ್ಪ ಮಗಳ ತಲೆ ಸವರಿದ.

"ಈಗ ಗ್ರೂಪಿಗೆ ನಾನು ಹೇಳ್ತೀನಿ ಅಪ್ಪಾ."

"ಬ್ಯಾಡ ಕಣೇ!" ಉಡಚಮ್ಮ ಗಾಬರಿಯಾದಳು. "ಇನ್ನೂರು ಜನಕ್ಕೆ ನೀನೇ ಡಂಗುರ ಹೊಡೀತೀಯಾ? ನಾಳೆ ಯಾವ ಗಂಡು ಬಂದಾನು ಈ ಮನೆಗೆ?"

"ಮುಚ್ಚಿಟ್ಟಾಗ ಯಾರು ಬಂದಿದ್ರು ಅವ್ವಾ?"

ಉಡಚಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಗಳ ಪಕ್ಕ ಬಂದು ಕೂತಳು. "ಹೇಳು. ನಾನಿಲ್ಲೇ ಇರ್ತೀನಿ."

ಜ್ಯೋತಿ ಮೂರು ಚಿತ್ರ ಕಳಿಸಿದಳು. ಮೊದಲು ಬರೀ ಹೂ. ಎರಡನೆಯದು ಬರೀ ತೋಳು. ಮೂರನೆಯದರಲ್ಲಿ ಎರಡೂ ಒಟ್ಟಿಗೆ. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದಳು.

"ನಾನು ಗೋವಿನಕೋವಿ ಮಾರಪ್ಪನ ಮಗಳು ಜ್ಯೋತಿಲಕ್ಷ್ಮಿ. ಕೆಂಚೇಶ್ ಸಾರ್ ತಪ್ಪು ಮಾಡಿಲ್ಲ. ಹೂವಿನ ಮೇಲೆ ಕಂಡ ಬಿಳಿ ನನ್ನ ತೋಳಿಂದು. ನಂಗೆ ತೊನ್ನು ಐತೆ. ಕಂಪ್ಯೂಟರಿನಾಗೆ ನಾನೇ ಅದನ್ನ ಹೂವಿನ ಮೇಲೆ ಹಾಸಿದ್ದೆ, ಚೆಂದ ಕಾಣ್ತು ಅಂತ. ಸಾರ್ ಬಂದು ಕೇಳಿದಾಗ ನಾಚ್ಕೆ ಆಗಿ ಸುಳ್ಳು ಹೇಳ್ದೆ. ಹನ್ನೆರಡು ವರ್ಷದಿಂದ ನಮ್ಮಪ್ಪ ಅವ್ವ ನನ್ನ ಜೊತೆ ಒಂದೇ ತಟ್ಟೆನಾಗೆ ಉಂಡಾರೆ, ಅವ್ರಿಗೇನೂ ಆಗಿಲ್ಲ. ಇದು ಹರಡಲ್ಲ. ಸಾರ್‌ನ ಕೆಲಸದಿಂದ ತೆಗೀಬ್ಯಾಡ್ರಿ. ಒಂದು ಹೂ ಹಾಳಾಗೈತೆ ಅಂತ ಜಗಳೂರಿಂದ ಓಡಿ ಬರೋ ಸಲಹೆಗಾರ ನಿಮಗೆ ಇನ್ನೊಬ್ಬ ಸಿಗಲ್ಲ."

ಕಳಿಸಿದಳು. ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು.

ಗ್ರೂಪಿನಲ್ಲಿ ಮೊದಲು ಬರೆದವನು ನಾಗೇಂದ್ರಪ್ಪ. 'ಮಗಳೇ, ನಾಳೆ ಸಸಿಗೆ ಬರ್ತೀನಿ. ಅಪ್ಪಂಗೆ ಹೇಳು. ಫೋಟೊ ಚೆಂದ ಐತೆ.'

ಬುಧವಾರದ ಮೀಟಿಂಗ್ ನಡೆಯಲೇ ಇಲ್ಲ.

*

ಗುರುವಾರ ಬಂತು. ಜ್ಯೋತಿ ಹೊಲದಲ್ಲಿ ಹೂ ಬಿಡಿಸುತ್ತಿದ್ದಳು. ತೋಳು ಮೊಣಕೈ ಮೇಲಕ್ಕೆ ಮಡಚಿತ್ತು. ಎಷ್ಟೋ ವರ್ಷಗಳ ಮೇಲೆ ಆ ಚರ್ಮಕ್ಕೆ ಬೆಳಗಿನ ಗಾಳಿ ತಾಗಿ ಹಿತವಾಗುತ್ತಿತ್ತು.

ಬೈಕಿನ ಸದ್ದು ಕೇಳಿತು. ತೋಳು ಇಳಿಸಬೇಕು ಅನ್ನಿಸಿತು. ಇಳಿಸಲಿಲ್ಲ.

ಕೆಂಚೇಶ್ ಬದುವಿನ ಮೇಲೆ ಬಂದು ನಿಂತ. ಕಣ್ಣು ಕೆಂಪಗಾಗಿದ್ದವು.

"ಕಿತ್ತು ಸುಡಬೇಕು ಅಂದಿದ್ದೆ," ಅಂದ. ದನಿ ಒಡೆಯಿತು. "ನಿಮ್ಮ ಮುಖದ ಮುಂದೇನೇ ಅಂದಿದ್ದೆ... ಆಮೇಲೂ ನೀವು ನಂಗೆ ರೊಟ್ಟಿ ಬಡಿಸಿದ್ರಿ. ಹೆಂಗ್ರೀ ಸಹಿಸಿದ್ರಿ?"

"ನಿಮಗೆ ಗೊತ್ತಿರಲಿಲ್ಲ ಸಾರ್."

"ಸ್ಟುಡಿಯೋದಾಗೆ ಇನ್ನೊಂದು ಗಳಿಗೆ ಕಾಯಬೇಕಿತ್ತು ನಾನು. ತಪ್ಪಾಯ್ತು."

"ನಾನೂ ಬಾಯಿ ಬಿಡಬೇಕಿತ್ತು. ನಂದೂ ತಪ್ಪೇ."

ಅವನ ನೋಟ ಅವಳ ತೋಳಿನ ಮೇಲೆ ಇಳಿಯಿತು. ಅವನು ಕಣ್ಣು ತಿರುಗಿಸಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಆರಾಮಾಗಿ ಪಕ್ಕ ಕೂತು ಅವಳ ಪುಟ್ಟಿಗೆ ತಾನೂ ಹೂ ಬಿಡಿಸತೊಡಗಿದ. ಪುಟ್ಟಿಯೊಳಗೆ ಇಬ್ಬರ ಕೈ ತಾಗಿದವು. ಅವನು ತನ್ನ ಕೈ ತೆಗೆಯಲಿಲ್ಲ.

"ಒಂದು ವಿಷ್ಯ ಹೇಳಬೇಕಿತ್ತು," ಅಂದ ಮೆಲ್ಲಗೆ. "ನೀವು ಗ್ರೂಪಿಗೆ ಹಾಕಿದ ಮಾತು ನಮ್ಮವ್ವಂಗೆ ಕೇಳಿಸ್ದೆ."

"ಅಯ್ಯೋ! ಯಾಕೆ ಸಾರ್? ಏನಂದ್ರು ಅವ್ರು?"

"ನಮ್ಮವ್ವ ಅಂದ್ರೆ ಸುಮ್ಮನೇನ್ರಿ? ಮೂರು ಸಲ ಹಾಕಿಸ್ಕೊಂಡು ಕೇಳಿದ್ಲು. ಆಮೇಲೆ, 'ಇಷ್ಟು ಧೈರ್ಯದ ಹುಡುಗಿ ನಿನ್ನಂಥ ಪುಕ್ಕಲನ್ನ ಒಪ್ಪಾಳೇನೋ?' ಅಂದ್ಲು."

ಜ್ಯೋತಿಯ ಕೈಯಲ್ಲಿದ್ದ ಹೂ ಅಲ್ಲೇ ಉಳಿಯಿತು. ಕಿವಿಯ ತುದಿಯವರೆಗೂ ಕೆಂಪೇರಿತು.

"ಅದಕ್ಕೆ... ನೀವೇನಂದ್ರಿ?"

"ಕೇಳ್ಕೊಂಡು ಬರ್ತೀನಿ ಅಂದೆ."

ಅಷ್ಟು ಹೇಳಿ ಅವನು ಬಾಯಿ ಮುಚ್ಚಿಬಿಟ್ಟ! ಒಂದು ಗಿಡದ ಹೂ ಮುಗಿಯಿತು. ಎರಡನೇ ಗಿಡದ್ದೂ ಮುಗಿಯಿತು. ಮನುಷ್ಯ ಬಾಯಿಯೇ ಬಿಡಲೊಲ್ಲ.

ಕೊನೆಗೆ ಅವಳೇ ಅಂದಳು. "ಕೇಳ್ರಿ ಮತ್ತೆ."

"ಆಂ?"

"ಕೇಳ್ಕೊಂಡು ಹೋಗಾಕೆ ಅಂತ ಅಷ್ಟು ದೂರದಿಂದ ಬಂದೀರಿ. ಕೇಳದೆ ಹಂಗೇ ಹೋಗ್ತೀರೇನು?"

ಅವನು ಗಂಟಲು ಸರಿಮಾಡಿಕೊಂಡ. ಹಣೆಯ ಮೇಲೆ ಬೆವರು.

"ಜ್ಯೋತಿ... ನನ್ನ ಒಪ್ತೀಯಾ?"

ಅವಳು ಮಚ್ಚೆಯ ಕೈಯನ್ನೇ ಚಾಚಿ ಅವನ ಕೈ ಹಿಡಿದಳು. ಕಣ್ಣು ತುಂಬಿದ್ದರೂ ಮುಖದ ತುಂಬ ನಗು.

"ನಿಮ್ಮವ್ವಂಗೆ ಹೇಳು," ಅಂದಳು. "ಪುಕ್ಕಲ ಆದ್ರೂ ಪರವಾಗಿಲ್ಲ, ಒಪ್ಪಿದಾಳಂತೆ ಅಂತ."